ಹತ್ತಿ ಮೂಟೆಯಂಥ ರಕ್ಕಸ

ನಮ್ಮ ಗೇಮ್ ಕಂಪನಿಯ ಎಂಡಿ ಸಾಹೇಬರು ಪ್ರತಿ ಶುಕ್ರವಾರ ಕಾಫಿ ಹೀರುತ್ತಾ, ತಯಾರಾಗುತ್ತಿದ್ದ ಹೊಸ ಗೇಮನ್ನು ತಮ್ಮ ಮೊಬೈಲಿನಲ್ಲಿ ಆಡಿ ನೋಡುತ್ತಿದ್ದರು. ಕೊನೆಯ ಹಂತದ ರಕ್ಕಸನನ್ನು ಒಂದೇ ಕೈಯಲ್ಲಿ ಕೆಡವಿ, "ಏನ್ರೀ ಇವನು, ಹತ್ತಿ ಮೂಟೆ ಇದ್ದಂಗಿದಾನೆ! ಇನ್ನೂ ಗಟ್ಟಿ ಮಾಡ್ರಿ" ಎನ್ನುತ್ತಿದ್ದರು. ನಾವು ಗಟ್ಟಿ ಮಾಡುತ್ತಿದ್ದೆವು.

ಬಿಡುಗಡೆಯ ಹಿಂದಿನ ದಿನ, ಹೊಸದಾಗಿ ಸೇರಿದ್ದ ಟೆಸ್ಟರ್ ಸುಮೇಧಾ ನನ್ನ ಮೇಜಿನ ಮುಂದೆ ಬಂದು ನಿಂತಳು. ಕಣ್ಣು ಕೆಂಪಾಗಿತ್ತು.

"ಸರ್, ನಾನು ಕೆಲಸ ಬಿಡ್ತೀನಿ. ಆ ರಕ್ಕಸ ನನ್ನನ್ನ ಹತ್ರಾನೂ ಬಿಟ್ಕೊಳ್ತಿಲ್ಲ. ಎಂಡಿ ನೋಡಿದ್ರೆ ಕಾಫಿ ಕುಡೀತಾನೇ ಹೊಡೆದು ಹಾಕ್ತಾರೆ."

"ಅಯ್ಯೋ, ಅಷ್ಟೇನಾ?" ನನಗೆ ನಗು ತಡೆಯಲಾಗಲಿಲ್ಲ. "ಅವನನ್ನ ಸೋಲಿಸೋಕೆ ಇಲ್ಲಿ ಯಾರ ಕೈಲೂ ಆಗಲ್ಲಮ್ಮ. ಮೊದಲನೇ ಸಲ ಸೋತಾಗ ಎಂಡಿ ಈ ಗೇಮೇ ಬೇಡ ಅಂದುಬಿಟ್ಟಿದ್ರು. ಅವತ್ತಿಂದ ಅವರಿಗೆ ಗೊತ್ತಾಗದಂಗೆ ಅವರ ಮೊಬೈಲಲ್ಲಿ ಮಾತ್ರ ರಕ್ಕಸ ತಿರುಗಿ ಹೊಡೆಯದಂಗೆ ಮಾಡಿಟ್ಟಿದೀವಿ."

"ಮತ್ತೆ ದುಡ್ಡು ಕೊಟ್ಟು ತಗೊಂಡೋರು ಹೆಂಗೆ ಆಡ್ತಾರೆ ಸರ್?"

"ಬಿಡುಗಡೆ ಆದ್ಮೇಲೆ ಸದ್ದಿಲ್ಲದೆ ಸುಲಭ ಮಾಡ್ತೀವಿ. ನೀನು ಹೋಗಿ ಊಟ ಮಾಡು."

ಮರುದಿನ ಸಭಾಂಗಣದ ತುಂಬ ಪತ್ರಕರ್ತರು, ಕ್ಯಾಮೆರಾಗಳು. ಎಂಡಿಯವರ ಮೊಬೈಲನ್ನು ದೊಡ್ಡ ಪರದೆಗೆ ಜೋಡಿಸಿ ನಾನು ನಿಶ್ಚಿಂತೆಯಿಂದ ಕೂತೆ. ಅವರು ಮೈಕ್ ಹಿಡಿದು ತೋಳೇರಿಸಿದರು.

"ಈ ರಕ್ಕಸನನ್ನ ಈಗ ನಿಮ್ಮೆದುರಿಗೇ ಕೆಡವಿ ತೋರಿಸ್ತೀನಿ. ನನ್ನ ಮೊಬೈಲಾದ್ರೆ ಏನೋ ಮೋಸ ಇದೆ ಅಂತೀರಿ, ಬೇಡ. ಎಲ್ಲಮ್ಮಾ ನಮ್ಮ ಹೊಸ ಟೆಸ್ಟರು? ಬಾ, ನಿನ್ನ ಮೊಬೈಲ್ ಕೊಡು!"