ಪಂಪಿನೊಳಗಿನ ಗೀರು

ಸೊಸೆಯ ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸಿನಿಂದ ಬಿಚ್ಚಿದ ಆಯಿಲ್ ಪಂಪು ಊಟದ ಮೇಜಿನ ಮೇಲಿತ್ತು. ಮಾವ ಅದರ ಒಳಮೈ ಮೇಲೆ ಹೆಬ್ಬೆರಳಿನ ಉಗುರನ್ನು ಮೆಲ್ಲಗೆ ಎಳೆದರು. ನಲವತ್ತು ವರ್ಷ ಗ್ಯಾರೇಜಿನಲ್ಲಿ ಆ ಉಗುರು ಹೇಳಿದ್ದೇ ತೀರ್ಪು: ಎಲ್ಲಾದರೂ ಸಿಕ್ಕಿಕೊಂಡರೆ ಪಂಪು ಗುಜರಿಗೆ, ನುಣ್ಣಗೆ ಜಾರಿದರೆ ವಾಪಸ್ ಗಾಡಿಗೆ.

"ಬೆಣ್ಣೆ ಇದ್ದಂಗಿದೆ," ಎಂದರು. "ಹೊಸ ಸೀಲ್ ಹಾಕು, ಮುಚ್ಚಿಬಿಡೋಣ."

ಸೀಲು ಕೈಗೆತ್ತಿಕೊಂಡ ಸೊಸೆ, ಅವರಿಂದಲೇ ಕಲಿತ ಅಭ್ಯಾಸದಂತೆ, ತಾನೂ ಒಮ್ಮೆ ಉಗುರು ಎಳೆದಳು. ನಡುವೆ ಸಿಕ್ಕಿಕೊಂಡಿತು. ಮತ್ತೆ ಎಳೆದಳು, ಅದೇ ಜಾಗದಲ್ಲಿ ಮತ್ತೆ ಸಿಕ್ಕಿತು. ಬೆಳಿಗ್ಗೆ ತಾನು ಮುಟ್ಟಲಾರದಷ್ಟು ಬಿಸಿಯಿದ್ದ ಲೋಟವನ್ನು ಮಾವ ಬರಿಗೈಯಲ್ಲಿ ಹಿಡಿದು ಆರಾಮಾಗಿ ಕೂತಿದ್ದು ಅವಳಿಗೆ ನೆನಪಾಯಿತು.

"ಮಾವ, ಇಲ್ಲೊಂದು ಗೀರಿದೆ," ಎಂದಳು. ಅವರ ಮುಖ ಸಣ್ಣದಾಗಿದ್ದು ಕಂಡು ಕೂಡಲೇ ಸೇರಿಸಿದಳು: "ನಿನ್ನೆ ನಾನೇ ನಿಮ್ಮ ಉಗುರು ತೀರಾ ಗಿಡ್ಡಕ್ಕೆ ಕತ್ತರಿಸಿಬಿಟ್ಟೆ ನೋಡಿ. ಅದಕ್ಕೇ ಗೊತ್ತಾಗಿಲ್ಲ."

ಮಾವ ತಮ್ಮ ಹೆಬ್ಬೆರಳು ನೋಡಿಕೊಂಡರು. ವಾರಗಟ್ಟಲೆ ಕತ್ತರಿ ಕಾಣದ ಉಗುರು ಉದ್ದಕ್ಕೆ ಬೆಳೆದಿತ್ತು, ತುದಿಯಲ್ಲಿ ಕಪ್ಪು ಆಯಿಲ್ ಮೆತ್ತಿಕೊಂಡಿತ್ತು. ಅವರು ಬೆರಳನ್ನು ಮಡಿಸಿ ಮುಷ್ಟಿಯೊಳಗೆ ಮುಚ್ಚಿಕೊಂಡರು.

"ಹೂಂ, ಇರಬಹುದು," ಎಂದರು. "ಇದು ಬೆಳೆಯೋತನಕ ಪಂಪು ನೀನೇ ನೋಡ್ಕೋ."