ಗಂಟೆ ಕೇಳಿಸದ ಊರು

ಮಾವ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದೇಬಿಟ್ಟರು. “ಹಾಗಾದ್ರೆ ನಾನು ಬರಲ್ಲ. ನೀವು ಮೂರು ಜನ ಹೋಗಿಬನ್ನಿ.”

ಕಿಡಿ ಹೊತ್ತಿಸಿದ್ದು ಅವರ ಮಗ. ಸಮುದ್ರದ ಊರಿಗೆ ಟಿಕೆಟ್ ಆಗಿತ್ತು, ಸೂಟ್‌ಕೇಸು ಅಟ್ಟದಿಂದ ಇಳಿದಿತ್ತು. ಉಳಿದಿದ್ದದ್ದು ಪ್ರವಾಸದ ವಿಮೆ ಮಾಡಿಸುವುದೋ ಬೇಡವೋ ಎಂಬುದೊಂದೇ. ಊಟದ ಮೇಜಿನ ಮುಂದೆ ಕೂತು ಫೋನು ನೋಡುತ್ತಿದ್ದ ಆ ಪುಣ್ಯಾತ್ಮ, “ಅಯ್ಯೋ, ಅಪ್ಪ ಒಬ್ಬರದ್ದೇ ನಮ್ಮ ಮೂರೂ ಜನರದ್ದಕ್ಕಿಂತ ಜಾಸ್ತಿ ಆಗುತ್ತಲ್ಲ! ಎಪ್ಪತ್ತು ದಾಟಿದವರಿಗೆ ರೇಟೇ ಬೇರೆಯಂತೆ” ಎಂದು ಎಲ್ಲರಿಗೂ ಕೇಳಿಸುವಂತೆ ಓದಿದ. ಆಮೇಲೆ ನಾಲಿಗೆ ಕಚ್ಚಿಕೊಂಡು ಏನು ಪ್ರಯೋಜನ?

ಮಾವ ಫೈರ್ ಇಂಜಿನ್ ಓಡಿಸಿ ನಿವೃತ್ತರಾದವರು. ಸ್ಟೇಷನ್ನಿನ ಗಂಟೆ ಕೇಳಿಸದಷ್ಟು ದೂರ ಹೋಗಬಾರದೆಂಬುದು ಅಲ್ಲಿನ ಕಟ್ಟುಪಾಡು. ಅದಕ್ಕೆ ಕಟ್ಟುಬಿದ್ದು, ಹೆಂಡತಿಯನ್ನು ಪಕ್ಕದೂರಿನ ಸಿನಿಮಾಕ್ಕೂ ಕರೆದುಕೊಂಡು ಹೋದವರಲ್ಲ. ಆಕೆ ತೀರಿಕೊಂಡು, ಕೆಲಸವೂ ಮುಗಿದು ವರ್ಷಗಳಾದರೂ ಒಂದು ಅಭ್ಯಾಸ ಮಾತ್ರ ಬಿಟ್ಟಿರಲಿಲ್ಲ. ಮಲಗುವ ಮುಂಚೆ ಬೂಟುಗಳನ್ನು ಮಂಚದ ಪಕ್ಕ, ಮೂತಿ ಬಾಗಿಲ ಕಡೆ ಮಾಡಿ ಜೋಡಿಸುತ್ತಿದ್ದರು. ಪ್ಯಾಂಟಿನ ಕಾಲುಗಳನ್ನು ಅವುಗಳ ಸುತ್ತ ಇಳಿಬಿಟ್ಟಿರುತ್ತಿದ್ದರು. ಎದ್ದು ಕಾಲಿಟ್ಟು ಮೇಲಕ್ಕೆಳೆದುಕೊಂಡರೆ ಸಾಕು, ಓಡಲು ತಯಾರು. ಬೀದಿಯ ಮಕ್ಕಳು ಸುಮ್ಮನೆ ಅವರನ್ನು ‘ಗಂಟೆ ತಾತ’ ಎನ್ನುತ್ತಿರಲಿಲ್ಲ.

ಇದು ಅವರ ಬದುಕಿನ ಮೊದಲ ಪ್ರವಾಸ. ಸಮುದ್ರ ನೋಡಲು ಹೋಗುತ್ತೇನೆಂದು ಕ್ಷೌರದಂಗಡಿಯಿಂದ ಹಿಡಿದು ಹಾಲಿನ ಬೂತಿನವರೆಗೆ ಸಾರಿಕೊಂಡು ಬಂದಿದ್ದರು. ಅಗಲ ಅಂಚಿನ ಟೋಪಿಯೊಂದನ್ನು ಕೊಂಡು, ಮನೆಯೊಳಗೇ ಹಾಕಿಕೊಂಡು ತಿರುಗುತ್ತಿದ್ದರು. ಈಗ ಆ ಟೋಪಿಯನ್ನು ತೆಗೆದು ಮೇಜಿನ ಮೇಲಿಟ್ಟರು.

“ಏನೂ ಆಗದಿದ್ರೆ ದುಡ್ಡು ವಾಪಸ್ ಕೊಡ್ತಾರೇನೋ?” ಎಂದು ಮಗನನ್ನು ಕೇಳಿದರು.

“ಇಲ್ಲ ಅಪ್ಪ.”

“ಹಗಲು ದರೋಡೆ! ನನಗೇನೋ ಆಗುತ್ತೆ ಅಂತ ನನ್ನ ಕಣ್ಣೆದುರಿಗೇ ಪಂದ್ಯ ಕಟ್ತೀರಾ? ಏನೂ ಆಗಲ್ಲ ನನಗೆ. ಬೇಕಾದ್ರೆ ಈಗ್ಲೇ ಏಣಿ ತಗೊಂಡ್ಬಾ, ಹತ್ತಿ ತೋರಿಸ್ತೀನಿ.”

“ಬೇಡ ಬಿಡಿ ಅಪ್ಪ, ವಿಮೇನೇ ಬೇಡ,” ಎಂದು ಮಗ ಶರಣಾದ.

“ವಿಮೆ ಇಲ್ಲದೆ ನಾನು ಹೊಸಿಲು ದಾಟಲ್ಲ,” ಎಂದಳು ಸೊಸೆ, ತಟ್ಟೆ ಒರೆಸುತ್ತಲೇ. ಆಸ್ಪತ್ರೆಯ ಬಿಲ್ ಕೌಂಟರಿನಲ್ಲಿ ಕೂರುವವಳು ಅವಳು. ಗುರುತಿಲ್ಲದ ಊರಿನಲ್ಲಿ ಕಾಲು ಮುರಿದುಕೊಂಡವರ ಮನೆಯವರ ಮುಖ ಹೇಗಿರುತ್ತದೆಂದು ಚೆನ್ನಾಗಿ ಬಲ್ಲವಳು. ವಿಮೆ ಮಾಡಿಸಿದರೆ ಅಪ್ಪ ಬರುವುದಿಲ್ಲ, ಮಾಡಿಸದಿದ್ದರೆ ಹೆಂಡತಿ ಬರುವುದಿಲ್ಲ. ಅಡಕತ್ತರಿಯಲ್ಲಿ ಸಿಕ್ಕ ಮಗ ಪುಟ್ಟ ಮಗಳ ಕಡೆ ನೋಡಿದ. ಅವಳು ಆಗಲೇ ಈಜುಡುಪು ತೊಟ್ಟು ಸೋಫಾದ ಮೇಲೆ ಕೈಕಾಲು ಬಡಿಯುತ್ತಿದ್ದಳು.

“ಮಾವ, ನಿಮ್ಮ ಸ್ಟೇಷನ್ನಲ್ಲಿ ದಿನಾ ಗಂಟೆ ಹೊಡೀತಿತ್ತಾ?” ಸೊಸೆ ಕೇಳಿದಳು.

“ದಿನಾನಾ? ಚೆನ್ನಾಗಿ ಹೇಳ್ದೆ! ಎಷ್ಟೋ ಸಲ ತಿಂಗಳಾದ್ರೂ ಸದ್ದೇ ಇರ್ತಿರಲಿಲ್ಲ. ಗಾಡಿ ಒರೆಸೋದು, ಇಸ್ಪೀಟಾಡೋದು, ಅಷ್ಟೇ.”

“ಆ ತಿಂಗಳ ಸಂಬಳ?”

“ಕೊಡದೆ ಏನು? ನಾವು ಎದ್ದಿದೀವಿ ಅಂತಾನೇ ಅಲ್ವೇನಮ್ಮ ಊರು ಮಲಗ್ತಿದ್ದದ್ದು!”

ಆಡಿದ ಮೇಲೆ ಮಾವನಿಗೆ ತಮ್ಮ ಮಾತು ತಮಗೇ ಕೇಳಿಸಿತು. ಆದರೆ ಅಷ್ಟು ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ. “ಆದ್ರೆ, ಹಳೇ ಮನೆ ಅಂತ ನಾವು ಯಾರ ಹತ್ರಾನೂ ಜಾಸ್ತಿ ದುಡ್ಡು ಕೇಳ್ಲಿಲ್ಲ,” ಎಂದರು. ದನಿ ಕೊಂಚ ಇಳಿದಿತ್ತು. ಅವರಿಗೆ ಸಿಟ್ಟಿಗಿಂತ ನೋವೇ ಹೆಚ್ಚಾಗಿತ್ತು. ಈ ಮನೆಯಲ್ಲಿ ತಾನೊಬ್ಬನೇ ಮುರಿದುಹೋಗುವ ಸಾಮಾನಾಗಿಬಿಟ್ಟೆನಲ್ಲ ಎಂಬ ನೋವು.

ಸೊಸೆ ತಟ್ಟೆ ಕೆಳಗಿಟ್ಟಳು. “ನಿಜ ಮಾವ, ಅದು ನನಗೂ ಸರಿ ಕಾಣಲಿಲ್ಲ. ಆದ್ರೆ ನಾನು ಕೇಳ್ತಿರೋದು ನಿಮಗೋಸ್ಕರ ಅಲ್ಲ, ನನಗೋಸ್ಕರ. ಯಾರ್ಯಾರದೋ ಮನೆಯವರು ನಿದ್ದೆ ಮಾಡ್ಲಿ ಅಂತ ಜೀವಮಾನವೆಲ್ಲ ಎದ್ದು ಕೂತಿದ್ರಿ. ನಿಮ್ಮ ಸೊಸೆ ಒಂದು ವಾರ ನೆಮ್ಮದಿಯಾಗಿ ಮಲಗೋದು ಬೇಡ್ವಾ?”

ಮಾವ ಮೇಜಿನ ಮೇಲಿದ್ದ ಟೋಪಿಯನ್ನು ಕೈಗೆತ್ತಿಕೊಂಡರು. ಅದರ ಅಂಚನ್ನು ಸವರುತ್ತಾ ನಿಂತರು. ಆಮೇಲೆ ಮಗನ ಕಡೆ ಕೈಚಾಚಿದರು. “ಕಷ್ಟ ಬಂದ್ರೆ ಈ ವಿಮೆಯವರಲ್ಲಿ ಯಾರಿಗೆ ಫೋನ್ ಮಾಡ್ಬೇಕಂತೆ? ಆ ನಂಬರ್ ಒತ್ತಿಕೊಡು.”

ಮಗ ಒತ್ತಿಕೊಟ್ಟ. ಎರಡನೇ ರಿಂಗಿಗೇ ಆ ಕಡೆ ಹೆಣ್ಣು ದನಿಯೊಂದು, ಏನು ತೊಂದರೆಯಾಗಿದೆ, ಎಲ್ಲಿದ್ದೀರಿ ಎಂದು ಕೇಳಿತು.

“ತೊಂದ್ರೆ ಏನೂ ಇಲ್ಲಮ್ಮ, ಮನೇಲೇ ಇದೀನಿ. ಎಚ್ಚರವಾಗಿದೀರಾ ಅಂತ ನೋಡ್ದೆ,” ಎಂದು ಮಾವ ಫೋನು ಹಿಂದಿರುಗಿಸಿದರು. ಸ್ಟೇಷನ್ನಿನ ಸಾಹೇಬರೂ ಹೀಗೇ ಬೇಕೆಂದೇ ಗಂಟೆ ಹೊಡೆಸಿ ತಮ್ಮನ್ನೆಲ್ಲ ಪರೀಕ್ಷಿಸುತ್ತಿದ್ದದ್ದು ನೆನಪಾಗಿ ಅವರ ಮುಖ ಅರಳಿತ್ತು. “ಪರವಾಗಿಲ್ಲ, ಎದ್ದಿದಾರೆ. ನನ್ನನ್ನೂ ಸೇರಿಸಿ ಮಾಡ್ಸು.” ಟೋಪಿ ಮತ್ತೆ ತಲೆಗೇರಿತು.

ಸಮುದ್ರದ ಊರಿನ ಮೊದಲ ಬೆಳಗು. ಬಿಸಿಲು ಕಿಟಕಿಯೊಳಗೆ ಬಂದರೂ ಮಾವ ಕೋಣೆಯಿಂದ ಹೊರಬರಲಿಲ್ಲ. ಕೋಳಿ ಕೂಗುವ ಮುಂಚೆ ಏಳುವ ಮನುಷ್ಯ! ಸೊಸೆ ಅವರ ಕೋಣೆಯತ್ತ ಧಾವಿಸಿದಳು. ಮೆಲ್ಲಗೆ ಬಾಗಿಲು ತಳ್ಳಿದಳು. ಅಲೆಗಳ ಸದ್ದನ್ನೂ ಮೀರಿಸಿ ಗೊರಕೆ ಹೊಡೆಯುತ್ತಿದ್ದರು. ಪ್ಯಾಂಟು ಕುರ್ಚಿಯ ಮೇಲೆ ಮುದ್ದೆಯಾಗಿ ಬಿದ್ದಿತ್ತು. ಒಂದು ಬೂಟು ಗೋಡೆಗೆ ಮೂತಿ ಮಾಡಿ ನಿಂತಿತ್ತು, ಇನ್ನೊಂದು ಮಂಚದಡಿಯಲ್ಲಿ ಮಗುಚಿ ಮಲಗಿತ್ತು.