ಸಕ್ಕರೆಯ ಬಾಗಿಲು

"ಅಪ್ಪಾ, ನಿಜ ಹೇಳು. ಕದ್ದು ಮಿಠಾಯಿ ತಿಂತಿದ್ದೀಯಾ?"

ಮಗಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು. ರೇಡಿಯೋದಲ್ಲಿ ಯಾರೋ ಮೆಲ್ಲಗೆ ಪದ್ಯ ಓದುತ್ತಿದ್ದರು. ಅಪ್ಪ ಕಣ್ಣಿಗೆ ಸಿಕ್ಕಿಸಿದ್ದ ಮಸೂರವನ್ನು ತೆಗೆದು, ಬಿಚ್ಚಿಟ್ಟ ಗಡಿಯಾರದ ಪಕ್ಕದಲ್ಲಿಟ್ಟರು. ಕಿಟಕಿಯ ಬಳಿ ಅಮ್ಮನ ಹೊಲಿಗೆ ಯಂತ್ರ ಗಕ್ಕನೆ ನಿಂತಿತು.

"ಯಾರಮ್ಮ ಚಾಡಿ ಹೇಳಿದ್ದು?" ಎಂದರು ಅಪ್ಪ.

"ನಿನ್ನ ಬಾಯಲ್ಲಿರೋ ಬ್ಯಾಕ್ಟೀರಿಯಾ!"

ಬಾಯೊಳಗಿನ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಹೇಗೆ ಒಳಗೆಳೆದುಕೊಳ್ಳುತ್ತವೆ ಎಂದು ನೋಡುವುದೇ ಪ್ರಯೋಗಾಲಯದಲ್ಲಿ ಮಗಳ ಕೆಲಸ. ಅವುಗಳ ಮೈಸುತ್ತ ಒಂದು ತೆಳು ಪೊರೆ. ಆ ಪೊರೆಯಲ್ಲಿ ಬಾಗಿಲುಗಳಂಥ ಪ್ರೋಟೀನುಗಳು. ಸಕ್ಕರೆ ಬರುತ್ತಿದ್ದರೆ ಬಾಗಿಲು ಹೆಚ್ಚುತ್ತವೆ, ಬಾರದಿದ್ದರೆ ಕಡಿಮೆಯಾಗುತ್ತವೆ. ಇದನ್ನು ತೋರಿಸಲು ಅವಳಿಗೆ ಸಿಹಿ ಮುಟ್ಟದ ಎರಡು ಬಾಯಿ ಬೇಕಿತ್ತು. ಅವು ಮನೆಯಲ್ಲೇ ಇದ್ದವಲ್ಲ! ಡಾಕ್ಟರು ಅಪ್ಪನಿಗೆ ಸಕ್ಕರೆ ಬಿಡಿಸಿದ ದಿನ, "ಇವರಿಗಿಲ್ಲದ್ದು ನನಗೂ ಬೇಡ, ದೇವರಾಣೆ" ಎಂದು ಅಮ್ಮ ಎಲ್ಲರೆದುರು ಹೇಳಿದ್ದಳು. ಅಂದಿನಿಂದ ಮನೆಯ ಸಕ್ಕರೆ ಪೊಲೀಸೂ ಅವಳೇ. ಮಗಳು ಇಬ್ಬರ ಉಗುಳನ್ನೂ ಶೀಶೆಗಳಲ್ಲಿ ಒಯ್ದಿದ್ದಳು.

"ಒಂದು ಶೀಶೆಯ ಉಗುಳಲ್ಲಿ ಬಾಗಿಲೇ ಇಲ್ಲ ಅನ್ನಬೇಕು. ಇನ್ನೊಂದರಲ್ಲಿ ಬಾಗಿಲೋ ಬಾಗಿಲು," ಎಂದಳು ಮಗಳು. "ಅದರ ಮೇಲೆ ಅಮ್ಮನ ಹೆಸರಿತ್ತು. ನಾನೇ ಚೀಟಿ ಅದಲುಬದಲು ಅಂಟಿಸಿರಬೇಕು ಅಂತ ಸರಿ ಮಾಡಿದೆ. ಅಮ್ಮ ತಿಂತಾಳಾ?"

ಅಪ್ಪನದು ಗಡಿಯಾರ ರಿಪೇರಿಯವರ ಕಿವಿ. ಚಕ್ರದ ಒಂದು ಹಲ್ಲು ಸವೆದರೂ ಅದಕ್ಕೆ ತಿಳಿಯುತ್ತದೆ. ಹೊಲಿಗೆ ಯಂತ್ರದ ಗಡಗಡದ ನಡುವೆ ಗುಂಡಿ ಡಬ್ಬಿಯ ಮುಚ್ಚಳ ತೆರೆಯುವುದೂ, ಮಿಠಾಯಿಯ ಕಾಗದ ಚರಚರ ಎನ್ನುವುದೂ ಅದಕ್ಕೆ ಎಂದಿನಿಂದಲೋ ಗೊತ್ತು. ಅವರು ಹೆಂಡತಿಯತ್ತ ನೋಡಿದರು. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ದಾರ ಆಗಲೇ ಪೋಣಿಸಿಯಾಗಿತ್ತು.

"ಆಸೆ ಆಯ್ತಮ್ಮ. ತಿಂದೆ," ಎಂದರು.

"ನೋಡಿದ್ಯಾ!" ಅಮ್ಮನಿಗೆ ಥಟ್ಟನೆ ದನಿ ಬಂತು. "ನಾನಿಲ್ಲಿ ಬಾಯಿ ಕಟ್ಟಿಕೊಂಡು ಕೂತಿದ್ರೆ ಇವರಿಗೆ ನಾಲಿಗೆ ಚಪಲ! ನಾಚಿಕೆ ಆಗಲ್ವೇನ್ರೀ?"

"ಆಗುತ್ತೆ ಕಣೆ."

"ಇದು ಕೆಟ್ಟರೆ ನನ್ನ ಕೆಲಸವೇ ಹೋಗುತ್ತೆ ಅಪ್ಪಾ," ಎನ್ನುತ್ತ ಮಗಳು ಚೀಲದಿಂದ ಎರಡು ಹೊಸ ಶೀಶೆ ತೆಗೆದಿಟ್ಟಳು. "ಒಂದು ತಿಂಗಳು ಬಾಯಿ ಬಿಗಿಹಿಡಿ. ಆಮೇಲೆ ಇಬ್ಬರೂ ಇದರಲ್ಲಿ ಉಗುಳಿ ಕೊಡಿ."

ತಿಂಗಳು ಮುಗಿದ ಬೆಳಿಗ್ಗೆ ಅಮ್ಮ ಬಚ್ಚಲಲ್ಲಿ ಖಾಲಿ ಶೀಶೆ ಹಿಡಿದು ನಿಂತೇ ಇದ್ದಳು.

"ಬಾಯಿ ಒಣಗಿಬಿಟ್ಟಿದೆ ರೀ."

ಅವಳ ಉಸಿರಲ್ಲಿ ಕಿತ್ತಳೆ ಮಿಠಾಯಿಯ ಘಮ. ಅಪ್ಪ ತಮ್ಮ ಶೀಶೆಗೆ ಉಗುಳಿ, ಅವಳ ಕೈಯಲ್ಲಿದ್ದುದನ್ನು ತೆಗೆದುಕೊಂಡು ಅದಕ್ಕೂ ಉಗುಳಿದರು.

ಮುಂದಿನ ವಾರ ಮಗಳು ಕುಣಿದುಕೊಂಡೇ ಬಂದಳು. "ಎರಡೂ ಎಷ್ಟು ತಾಳೆಯಾಗಿವೆ ಅಂದ್ರೆ, ಒಂದೇ ಬಾಯಿ ಅನ್ನಬೇಕು! ಇಷ್ಟು ಅಚ್ಚುಕಟ್ಟಾದ ಫಲಿತಾಂಶ ನಮ್ಮ ಮೇಲಿನವರು ನೋಡೇ ಇಲ್ಲವಂತೆ."

"ಇಷ್ಟು ವರ್ಷದ ಸಂಸಾರ ಅಂದ್ರೆ ಸುಮ್ನೇನಾ?" ಎನ್ನುತ್ತ ಅಮ್ಮ ಹೊಲಿಗೆ ಯಂತ್ರ ತುಳಿದಳು. ಗಡಗಡದ ನಡುವೆ ಮುಚ್ಚಳ ತೆರೆಯಿತು.

ಅಪ್ಪ ಎದ್ದು ಹೋಗಿ ರೇಡಿಯೋದ ದನಿ ಏರಿಸಿದರು.